ವಿಟಮಿನ್ ಕಮ್ಮಿಯಾದ ಕಂಡಕ್ಟರ್

ಎಲ್ಲಕ್ಕೂ ಕಾರಣ ಒಂದು ಗುಂಡಿ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ಜಯರಾಮಪ್ಪನವರ ಬಸ್ಸಿನಲ್ಲಿ ಜನರ ನಡುವೆ ನುಸುಳುತ್ತಿದ್ದ ಕಂಡಕ್ಟರ್ ಆದೆಪ್ಪನ ಖಾಕಿ ಅಂಗಿಯಿಂದ ಅದು ಕಿತ್ತು ಹಾರಿ, ಮುಂದಿನ ಸೀಟಿನಲ್ಲಿದ್ದ ಮಾಲೀಕರ ಕನ್ನಡಕಕ್ಕೇ ಟಣ್ಣೆಂದು ಬಡಿಯಿತು. ಮಾಲೀಕರು ಬೈಯಲಿಲ್ಲ. ಆದೆಪ್ಪನಿಗೆ ಭಯವಾದದ್ದೇ ಅದಕ್ಕೆ.

"ನಿನ್ ಹೊಟ್ಟೆ ಇಬ್ರು ನಿಲ್ಲೋ ಜಾಗ ತಿಂತದೆ ಕಣಪ್ಪ. ಮೂರು ತಿಂಗ್ಳು ಟೈಮ್ ಕೊಡ್ತೀನಿ, ಇಳ್ಸು. ಇಲ್ಲಾಂದ್ರೆ ಕಲ್ಯಾಣದುರ್ಗದ ಬುಕಿಂಗ್ ರೂಮಲ್ಲಿ ಕೂತ್ಕೊಂಡು ಟಿಕೆಟ್ ಹರಿ" ಎಂದರು.

ಆದೆಪ್ಪನಿಗೆ ಅದು ಜೈಲಿಗೆ ಹೋಗು ಎಂದಂತಾಯಿತು. ಫುಟ್‌ಬೋರ್ಡಿನ ಗಾಳಿ, ದಾರಿಯುದ್ದಕ್ಕೂ ಮಾತು, ಊರೂರಿನಲ್ಲಿ ಕೈಯೆತ್ತುವ ಜನ, ಇವಿಲ್ಲದೆ ಅವನಿಗೆ ದಿನ ಹೋಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಟ್ರಿಪ್ಪಿಗೆ ಮುಂಚೆಯೇ ಡಾಕ್ಟರ್ ಕೇಶವಯ್ಯನವರ ಮುಂದೆ ಹೋಗಿ ನಿಂತ. ಜೊತೆಗೆ ಡ್ರೈವರ್ ಉಗ್ರಪ್ಪನೂ ಬಂದಿದ್ದ, ಯಾರೂ ಕರೆದಿರಲಿಲ್ಲ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ಏನೇನು ತಿನ್ನುತ್ತೀಯೆಂದು ಕೇಳಿದರು. ಮೂರು ಹೊತ್ತು ಬಿಳಿ ಅನ್ನ, ಬಸ್ಸು ನಿಂತಲ್ಲೆಲ್ಲ ಮೆಣಸಿನಕಾಯಿ ಬಜ್ಜಿ ಎಂದು ಆದೆಪ್ಪ ಮುಚ್ಚುಮರೆಯಿಲ್ಲದೆ ಹೇಳಿದ.

"ಅದ್ರಲ್ಲಿ ಹೊಟ್ಟೆ ತುಂಬ್ತದೆ, ಮೈಗೆ ಬೇಕಾದ ಕಬ್ಬಿಣದಂಶ, ಸುಣ್ಣದಂಶ, ವಿಟಮಿನ್ ಸಿಗಲ್ಲ" ಎಂದರು ಡಾಕ್ಟರು. "ಸಿಗ್ಲಿಲ್ಲ ಅಂತ ಮೈ ಮತ್ತೆ ಕೇಳ್ತದೆ, ನೀನು ಮತ್ತೆ ಬಜ್ಜಿ ಹಾಕ್ತೀಯ. ಹೊರಗೆ ನೋಡಿದ್ರೆ ಡ್ರಮ್ಮು, ಒಳಗೆ ಉಪವಾಸ."

ಸೊಪ್ಪು, ಕಾಳು, ಮುದ್ದೆ, ಎಲ್ಲವೂ ಹಿತಮಿತವಾಗಿ, ಎಣ್ಣೆ ಸಿಹಿ ಬಿಡು, ಸಂಜೆ ನಡಿ ಎಂದೂ ಹೇಳಿದರು. ಆದರೆ ಅಷ್ಟರಲ್ಲಿ ಉಗ್ರಪ್ಪ ಹೊರಗೆ ಹೋಗಿ ಇಂಜಿನ್ ಸ್ಟಾರ್ಟ್ ಮಾಡಿದ್ದ. ಅವನ ತಲೆಯಲ್ಲಿ ಉಳಿದದ್ದು ಒಳಗಿನ ಉಪವಾಸ ಮಾತ್ರ.

ಆ ದಾರಿಯ ಹಳ್ಳಿಗಳಿಗೆ ಆದೆಪ್ಪ ಬರೀ ಕಂಡಕ್ಟರಲ್ಲ. ಬಾಣಂತಿ ಮಗಳಿಗೆ ತಾಯಿ ಕಳಿಸುವ ಬುತ್ತಿ, ಹಿಂದೂಪುರದ ಔಷಧಿ, ಬೀಗರಿಗೆ ಹೇಳಬೇಕಾದ ಸುದ್ದಿ ಎಲ್ಲವೂ ಅವನ ಕೈಮೇಲೆಯೇ ಹೋಗುತ್ತಿತ್ತು. ಅದಕ್ಕೆ ಯಾರಿಂದಲೂ ಬಿಡಿಗಾಸು ಮುಟ್ಟಿದವನಲ್ಲ. ಅಂಥವನು ಒಳಗೊಳಗೇ ಸೊರಗಿದ್ದಾನೆಂದು ಸೋಮಂದೇಪಲ್ಲಿಯಲ್ಲಿ ಉಗ್ರಪ್ಪ ಕಿಟಕಿಯಿಂದ ತಲೆ ಹಾಕಿ ಹೇಳಿದ್ದೇ ತಡ, ಸಣ್ಣಕ್ಕ ಮನೆಗೆ ಓಡಿ ಕಡಲೆಕಾಯಿ ಬೆಲ್ಲದ ಉಂಡೆಗಳ ಡಬ್ಬಿಯನ್ನೇ ಹೊತ್ತು ತಂದಳು.

"ನನ್ ಮಗ್ಳಿಗೆ ಔಷ್ದಿ ತಂದುಕೊಟ್ಟೋನು ನೀನು. ನಿನ್ ಮೈಯಾಗೆ ಕಬ್ಬಿಣ ಇಲ್ಲಾಂದ್ರೆ ನೋಡ್ಕೊಂಡು ಇರಾಕಾಯ್ತದಾ? ಬೆಲ್ದಾಗೆ ಕಬ್ಬಿಣ ಐತೆ. ತಿನು ನಾಯನಾ."

ಸಿಹಿ ಬಿಡಬೇಕಂತೆ ಎಂದು ಆದೆಪ್ಪ ಹೇಳಿ ನೋಡಿದ. ಸಣ್ಣಕ್ಕನ ಕಣ್ಣಲ್ಲಿ ನೀರು ಬಂತು. ಉಗ್ರಪ್ಪ ಇಂಜಿನ್ ಆಫ್ ಮಾಡಿ, ಉಂಡೆ ಮುಗಿಯದೆ ಬಸ್ಸು ಹೊರಡಲ್ಲ ಎಂದು ಸಾರಿದ. ಕೋರ್ಟಿಗೆ ಹೊರಟಿದ್ದ ಬೈಲಪ್ಪ ಗಡಿಯಾರ ನೋಡಿಕೊಂಡು, "ಬೇಗ ಬೇಗ ಅಗಿಯಪ್ಪಾ, ವಾಯಿದೆ ತಪ್ಪೋಯ್ತದೆ" ಎಂದು ತಾನೇ ಒಂದು ಉಂಡೆ ಮುರಿದು ಆದೆಪ್ಪನ ಬಾಯಿಗಿಟ್ಟ.

ಸುದ್ದಿ ಬಸ್ಸಿಗಿಂತ ಮುಂದೆ ಓಡಿತು. ಮುಂದಿನ ಊರಿನಲ್ಲಿ ಸುಣ್ಣದಂಶಕ್ಕೆಂದು ತುಪ್ಪ ಸುರಿದ ರಾಗಿ ಮುದ್ದೆ, ಅದರ ಮುಂದಿನ ಊರಿನಲ್ಲಿ ಸೊಪ್ಪು ಬೇಕಂತಲ್ಲ ಎಂದು ಎಣ್ಣೆಯಲ್ಲಿ ಕರಿದ ನುಗ್ಗೆಸೊಪ್ಪಿನ ವಡೆ. ವಿಟಮಿನ್ ಎಂದರೇನೆಂದು ಗೊತ್ತಿಲ್ಲದ ಕೊನೆಯ ಊರಿನ ಓಬಕ್ಕ, ಯಾವುದಕ್ಕೂ ಇರಲಿ ಎಂದು ಚಕ್ಕುಲಿಯಿಂದ ಎಳ್ಳುಂಡೆಯವರೆಗೆ ಮನೆಯಲ್ಲಿದ್ದ ಎಲ್ಲ ತಿಂಡಿಯನ್ನೂ ಒಂದೊಂದು ಕೊಟ್ಟಳು. ಬಸ್ಸು ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ಆದೆಪ್ಪನ ಅಂಗಿಯಲ್ಲಿ ಉಳಿದಿದ್ದ ಗುಂಡಿಗಳು ಜೀವ ಬಿಗಿಹಿಡಿದುಕೊಂಡಿದ್ದವು.

ಬಸ್ಸು ಇಷ್ಟು ತಡವಾದದ್ದೇಕೆಂದು ಜಯರಾಮಪ್ಪನವರು ಸ್ಟ್ಯಾಂಡಿನಲ್ಲೇ ಕಾದು ನಿಂತಿದ್ದರು. ಆದೆಪ್ಪ ಇಳಿಯುವುದನ್ನು ಕಂಡು ಮೊದಲು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಅವರು ಬಾಯಿ ತೆರೆಯುವ ಮುಂಚೆ ಬುಕಿಂಗ್ ರೂಮಿನ ಪಕ್ಕದ ಬಜ್ಜಿ ಅಂಗಡಿಯ ಪಾಪಕ್ಕ ಅಡ್ಡ ಬಂದಳು. ಬಸ್ಸಿನಿಂದ ಇಳಿದವರೆಲ್ಲ ಅವಳ ಹಿಂದೆ ನಿಂತರು.

"ಸಾವ್ಕಾರ್ರೇ, ಈವಯ್ಯನ ಒಳಗೆ ಏನೂ ಇಲ್ವಂತೆ. ಇಂಥೋನ್ನ ದಿನವೆಲ್ಲ ನಿಲ್ಸಿ ಕೊಲ್ಬ್ಯಾಡಿ. ಎಲ್ಲಾದ್ರೂ ಒಂದ್ಕಡೆ ಕೂರ್ಸಿ, ಪುಣ್ಯ ಬತ್ತದೆ."

ಆದೆಪ್ಪ ಮುಂದೆ ನುಗ್ಗಿದ. ನನಗೇನೂ ಆಗಿಲ್ಲ, ಬಸ್ಸೊಂದನ್ನು ಬಿಡಿಸಬೇಡಿ ಎನ್ನಲು ಹೋದ. ಆದರೆ ಓಬಕ್ಕ ಕೊನೆಗೆ ಕೊಟ್ಟ ಎಳ್ಳುಂಡೆಯ ಪಾಕ ಹಲ್ಲುಗಳನ್ನು ಅಂಟಿಸಿಬಿಟ್ಟಿತ್ತು. ಬಾಯಿಂದ "ಊಂ ಊಂ" ಎಂದಷ್ಟೇ ಹೊರಟಿತು, ಕಣ್ಣಲ್ಲಿ ನೀರಾಡಿತು.

"ನೋಡ್ರಿ, ಮಾತಾಡಾಕೂ ತ್ರಾಣ ಇಲ್ಲ" ಎಂದ ಬೈಲಪ್ಪ.

ಜಯರಾಮಪ್ಪನವರ ಮನಸ್ಸು ಕರಗಿತು. ಆದೆಪ್ಪನ ಹೆಗಲ ಮೇಲೆ ಕೈಯಿಟ್ಟು, "ನಾನೂ ಮನುಷ್ಯನೇ ಕಣಪ್ಪ. ಮೂರು ತಿಂಗ್ಳು ಯಾಕೆ, ನಾಳೆಯಿಂದ್ಲೇ ಬುಕಿಂಗ್ ರೂಮಲ್ಲಿ ಕೂತ್ಕೊ" ಎಂದರು. ಜನ ಸಂತೋಷಪಟ್ಟರು. ಉಗ್ರಪ್ಪ ತಾನೇ ಉಪಕಾರ ಮಾಡಿದವನಂತೆ ಮೀಸೆ ತಿರುವಿದ.

ಪಾಪಕ್ಕ ಮಾತ್ರ ಅಲ್ಲಿಗೇ ಬಿಡಲಿಲ್ಲ. ಬುಕಿಂಗ್ ರೂಮಿನ ಟಿಕೆಟ್ ಕಿಂಡಿಯ ಬಳಿ ಹೋಗಿ, ಬಿಸಿ ಬಜ್ಜಿಯ ತಟ್ಟೆಯನ್ನು ಒಳಕ್ಕೆ ತಳ್ಳಿ ನೋಡಿ, ಸಮಾಧಾನದಿಂದ ಆದೆಪ್ಪನ ಕಡೆ ತಿರುಗಿದಳು.

"ತಟ್ಟೆ ಸರಿಯಾಗಿ ತೂರ್ತದೆ ಬಿಡಣ್ಣ. ಇನ್ನ ನೀನು ಎದ್ದು ಬರೋ ಕೆಲ್ಸಾನೇ ಇಲ್ಲ."