ಬಾಗಿಲ ಬಲಗಡೆಯ ಗೋಡೆ

“ಇದನ್ನ ಗೋಡೆ ಅಂತಾರೇನೋ? ಕುಡಿದವನು ಲೈಟ್ ಕಂಬ ತಬ್ಬಿಕೊಂಡು ನಿಂತ ಹಾಗಿದೆಯಲ್ಲೋ!”

ಮೇಸ್ತ್ರಿಯ ಗಂಟಲೇ ಅಂಥದ್ದು. ಕಿವಿಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಜಲ್ಲಿ ಹೊರುತ್ತಿದ್ದವರು ಬಾಂಡ್ಲಿ ಇಳಿಸಿ ಕಿಸಕ್ಕನೆ ನಕ್ಕರು. ಬಾಗಿಲಿನ ಚೌಕಟ್ಟು ಹೊತ್ತು ತಂದಿದ್ದ ಬಡಗಿ ನಕ್ಕ. ಪೈಪು ಕೊಯ್ಯುತ್ತಿದ್ದ ಪ್ಲಂಬರ್ ನಕ್ಕ. ಎದುರುಮನೆಯ ಅಜ್ಜಿ ಬಟ್ಟೆ ಒಣಹಾಕುವುದನ್ನು ಬಿಟ್ಟು ಗೇಟಿಗೇ ಬಂದುಬಿಟ್ಟರು.

ಬೈಸಿಕೊಂಡವನ ಹೆಸರು ಏನೇ ಇರಲಿ, ಎಲ್ಲರೂ ಕರೆಯುವುದು ಪಟಾಕಿ ಅಂತ. ಕಿಡಿ ತಾಗಿದರೆ ಸಾಕು. ಮೊನ್ನೆಮೊನ್ನೆಯವರೆಗೆ ಸಿಮೆಂಟು ಮರಳಿನ ಕಲಸು ಕಲಸುತ್ತಿದ್ದವನ ಕೈಗೆ ಮೇಸ್ತ್ರಿ ಮೊದಲ ಸಲ ಕರಣೆ ಕೊಟ್ಟಿದ್ದ. ಮುಂಬಾಗಿಲ ಎಡಗಡೆಯ ಗೋಡೆ ಮೇಸ್ತ್ರಿಯದು, ಬಲಗಡೆಯದು ಪಟಾಕಿಯದು. ಎರಡೂ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು. ಬದಿಯಿಂದ ನೋಡಿದರೆ ಮೇಲ್ತುದಿಯಲ್ಲಿ ಎರಡೂ ಕತ್ತರಿಯ ಹಾಗೆ ಬಾಯಿ ಬಿಟ್ಟಿದ್ದವು.

“ಸಂಜೆ ಯಜಮಾನಿ ಬರ್ತಾರೆ,” ಎಂದ ಮೇಸ್ತ್ರಿ. “ಈ ಗೋಡೆ ಒಪ್ಪಿದ್ರೆ ಮಹಡಿ ಕೆಲಸ ನಿನ್ನದು ಅಂದಿದ್ದೆ ಅಲ್ವಾ? ಮಹಡಿ ಮರೆತುಬಿಡು. ನಾಳೆಯಿಂದ ಮತ್ತೆ ಕಲಸು ಕಲಸು.”

“ತೂಗುಗುಂಡು ಇಳಿಬಿಟ್ಟು ಸಾಲುಸಾಲಿಗೂ ನೋಡಿ ಕಟ್ಟಿದ್ದೀನಿ ಮೇಸ್ತ್ರಿ! ವಾಲಿರೋದು ನಿಮ್ಮದು!”

ಮೇಸ್ತ್ರಿಯ ಮೀಸೆ ಅದುರಿತು. “ನನ್ನದಾ? ನನ್ನ ಕಣ್ಣೇ ತೂಗುಗುಂಡು ಕಣೋ! ಕಣ್ಣಿಲ್ಲದವನಿಗೆ ಇದು ಬೇಕು!” ಎಂದವನೇ ಪಟಾಕಿಯ ಸೊಂಟದಲ್ಲಿದ್ದ ಹಿತ್ತಾಳೆಯ ಗುಂಡನ್ನು ದಾರ ಸಮೇತ ಕಿತ್ತು ನೀರು ತುಂಬಿದ ಸಂಪಿನೊಳಕ್ಕೆ ಎಸೆದ. ಗುಳುಂ!

ಆ ಸದ್ದಿಗೆ ಪಟಾಕಿ ಸಿಡಿದ. “ಇವತ್ತು ಇದು ಇತ್ಯರ್ಥ ಆಗ್ಲೇಬೇಕು! ಯಾರ ಹತ್ರ ಗುಂಡಿದೆ, ತನ್ನಿ!”

ಯಾರ ಹತ್ತಿರವೂ ಇರಲಿಲ್ಲ. ಆದರೆ ಸಲಹೆ ಎಲ್ಲರ ಹತ್ತಿರವೂ ಇತ್ತು.

“ನನ್ನ ಮೂಲೆಮಟ್ಟ ಇಡು, ಈಗಲೇ ಗೊತ್ತಾಗುತ್ತೆ,” ಎಂದ ಬಡಗಿ.

“ಮೂಲೆಮಟ್ಟ ಮೂಲೆಗೆ ಕಣಯ್ಯಾ. ನನ್ನ ನೀರಿನ ಟ್ಯೂಬ್ ಹಿಡೀರಿ, ನೀರು ಸುಳ್ಳು ಹೇಳಲ್ಲ,” ಎಂದ ಪ್ಲಂಬರ್.

“ನೀರು ನೆಲದ ಮಟ್ಟ ಹೇಳುತ್ತೆ, ಗೋಡೆ ವಾಲಿದ್ದನ್ನ ಹೇಳುತ್ತೇನೋ, ಬುದ್ಧಿವಂತ?”

“ನೀನು ಮರ ಕೊಯ್ಯಿ, ನನಗೆ ಪಾಠ ಹೇಳಬೇಡ!”

ಪ್ಲಂಬರ್ ಹಟಕ್ಕೆ ಟ್ಯೂಬ್ ಎಳೆದ, ಬಡಗಿ ಅದರ ಇನ್ನೊಂದು ತುದಿ ಎಳೆದ. ಅದರೊಳಗಿದ್ದ ನೀರೆಲ್ಲ ಚಿರ್ರನೆ ಮೇಸ್ತ್ರಿಯ ಮುಖಕ್ಕೆ ಹಾರಿತು. ಮೇಸ್ತ್ರಿ ಸೀನಿದ ಸದ್ದಿಗೆ ಸೆಂಟ್ರಿಂಗ್ ಕಂಬದ ಮೇಲೆ ಕೂತಿದ್ದ ಕಾಗೆ ಊರು ಬಿಟ್ಟಿತು.

ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿ ಬಂದು ಗೇಟಿನಿಂದ ಕೂಗಿದರು. “ಏ ಮಗಾ, ಭಾರದ್ದು ಏನಾದ್ರೂ ಹಗ್ಗಕ್ಕೆ ಕಟ್ಟಿ ಇಳಿಬಿಟ್ರೆ ಆಯ್ತಲ್ವಾ? ತಗೋ ಕುಟ್ಟಾಣಿಯ ಗುಂಡು!”

“ದೇವರಂಥವರು ಅಜ್ಜಿ ನೀವು! ಹಗ್ಗ?”

“ಹಗ್ಗ ಎಲ್ಲಿಂದ ತರಲೋ?” ಅನ್ನುವಷ್ಟರಲ್ಲಿ ಪಟಾಕಿ ಅವರ ಅಂಗಳಕ್ಕೆ ನುಗ್ಗಿ ಬಟ್ಟೆಯ ಹಗ್ಗವನ್ನೇ ಕಿತ್ತಿದ್ದ. ಅಜ್ಜಿಯ ಹೊದಿಕೆ, ತಾತನ ಬನಿಯನ್, ದಿಂಬಿನ ಚೀಲ ಎಲ್ಲವೂ ಮೆರವಣಿಗೆಯ ಹಾಗೆ ಅವನ ಹಿಂದೆಯೇ ಬೀದಿ ದಾಟಿದವು. “ಅಯ್ಯೋ ನನ್ನ ಬಟ್ಟೆ!” ಎಂದು ಅಜ್ಜಿಯೂ ಅವುಗಳ ಹಿಂದೆ ಓಡಿ ಬಂದರು.

ಸಂಜೆ ಬರಬೇಕಿದ್ದ ಯಜಮಾನಿ ಅದೇ ಹೊತ್ತಿಗೆ ಗಾಡಿಯಿಂದ ಇಳಿದರು. ತಮ್ಮ ಹೊಸ ಮನೆಯ ಮುಂದೆ ನೀರು ಸೋರುವ ಮೇಸ್ತ್ರಿ, ಗೋಡೆ ಹತ್ತುತ್ತಿರುವ ಪಟಾಕಿ, ಅವನ ಹಿಂದೆ ನೇತಾಡುವ ಬನಿಯನ್. “ಇಲ್ಲೇನು ನಡೀತಿದೆ?”

“ಸತ್ಯಪರೀಕ್ಷೆ ಅಮ್ಮಾ!” ಮೇಲಿನಿಂದ ಪಟಾಕಿ ಕೂಗಿದ. ಬಡಗಿ ಒಂದೇ ದಪ್ಪದ ಎರಡು ಮರದ ತುಂಡು ಕೊಟ್ಟಿದ್ದ. ಒಂದನ್ನು ಗೋಡೆಯ ತುದಿಗೆ ಒತ್ತಿ, ಅದರ ಮೇಲಿಂದ ಹಗ್ಗ ಇಳಿಬಿಟ್ಟ. ಕುಟ್ಟಾಣಿಯ ಗುಂಡು ಜೋಕಾಲಿ ಆಡುತ್ತಾ ಹೋಗಿ ಮೇಸ್ತ್ರಿಯ ಮಂಡಿಗೆ ಟಣ್ಣೆಂದು ಬಡಿಯಿತು.

“ಅಯ್ಯಯ್ಯೋ ಸತ್ತೆ!”

“ಸಾಯೋದು ಆಮೇಲೆ, ಮೊದಲು ಅದನ್ನ ಹಿಡಿದು ನಿಲ್ಲಿಸಿ ಮೇಸ್ತ್ರಿ!”

ಗುಂಡು ನಿಂತಿತು. ಬಡಗಿ ಮಂಡಿಯೂರಿ ಕೆಳಗೆ ಎರಡನೇ ತುಂಡನ್ನು ಗೋಡೆಗೂ ಹಗ್ಗಕ್ಕೂ ನಡುವೆ ತಳ್ಳಿದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಕೂತಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

“ನೆಟ್ಟಗಿದೆ!” ಬಡಗಿ ಕಿರುಚಿದ. ಜಲ್ಲಿಯವರು ಬಾಂಡ್ಲಿ ಬಾರಿಸಿದರು. ಪ್ಲಂಬರ್ ಶಿಳ್ಳೆ ಹೊಡೆದ.

ಪಟಾಕಿ ಅಲ್ಲಿಂದಲೇ ಎಡಗಡೆಯ ಗೋಡೆಗೆ ಜಿಗಿದು ಹಗ್ಗ ಇಳಿಬಿಟ್ಟ. ಕೆಳಗೆ ಹಗ್ಗಕ್ಕೂ ಗೋಡೆಗೂ ನಡುವೆ ಬಡಗಿಯ ಮುಷ್ಟಿಯೇ ಹೋಯಿತು. ಅಡುಗೆಮನೆ ಗೋಡೆ, ಅದೇ ಕತೆ. ಮಲಗುವ ಕೋಣೆ, ಅದೇ. ಮೇಸ್ತ್ರಿ ಕಟ್ಟಿದ ಗೋಡೆಗಳೆಲ್ಲ ಒಂದೇ ಸಮನಾಗಿ ಹೊರಕ್ಕೆ ಬಾಗಿ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದವು.

“ನಮ್ಮನೆ ಕಟ್ಟಿದ್ದೂ ಇವನೇ!” ಅಜ್ಜಿ ಎದೆ ಹಿಡಿದುಕೊಂಡರು. “ಅದಕ್ಕೇ ಜಗಲಿ ಕ್ಯಾಲೆಂಡರ್ ಗೋಡೆ ಬಿಟ್ಟು ಗಾಳಿಯಲ್ಲಿ ನೇತಾಡೋದು!”

ಪಟಾಕಿ ಗೋಡೆಯ ಮೇಲೆ ಎದೆ ಉಬ್ಬಿಸಿ ನಿಂತ. ಆ ಕ್ಷಣಕ್ಕೆ ಮಹಡಿ ಏನು, ಇಡೀ ಊರನ್ನೇ ಕಟ್ಟಿಬಿಡುತ್ತಿದ್ದ.

ಆಗ ಬಡಗಿಯ ಮುಖ ಇಳಿಯಿತು. “ತಡಿ ತಡಿ. ಈ ಚೌಕಟ್ಟು ಏನಾಗಬೇಕು? ಮೇಸ್ತ್ರಿ ಗೋಡೆ ಯಾವಾಗಲೂ ವಾಲುತ್ತೆ ಅಂತ ಗೊತ್ತಿದ್ದೇ ನಾನು ಎರಡು ಕಾಲನ್ನೂ ಓರೆಯಾಗಿ ಹತ್ತರಿ ಹೊಡೆದು ತಂದಿದ್ದೀನಿ. ಬಲಗಡೆ ಕೂರೋದೇ ಇಲ್ವಲ್ಲ!”

“ನನ್ನ ಪೈಪೂ ಅಷ್ಟೇ!” ಪ್ಲಂಬರ್ ಹೌಹಾರಿದ. “ಎಲ್ಲಾನೂ ಗೋಡೆ ವಾಲೋದಕ್ಕೆ ತಕ್ಕ ಹಾಗೆ ಕಾಯಿಸಿ ಬಗ್ಗಿಸಿಟ್ಟಿದ್ದೀನಿ. ಏನಪ್ಪಾ ಪಟಾಕಿ, ಕಟ್ಟೋ ಮುಂಚೆ ಒಂದು ಮಾತು ಕೇಳೋದಲ್ವಾ?”

“ಏನು ಕೇಳಬೇಕಿತ್ತು? ನೆಟ್ಟಗೆ ಕಟ್ಟಲಾ ಅಂತನಾ?” ಪಟಾಕಿಗೆ ನಂಬಿಕೆಯೇ ಬರಲಿಲ್ಲ.

ಯಜಮಾನಿ ಮೇಸ್ತ್ರಿಯತ್ತ ತಿರುಗಿದರು. “ಇವು ಬೀಳುತ್ತಾ?”

“ಎಲ್ಲಾದರೂ ಉಂಟಾ ಅಮ್ಮಾ? ಈ ಬೀದಿ ಪೂರ್ತಿ ಹೀಗೇ ನಿಂತಿದೆ. ಇವತ್ತಿನವರೆಗೂ ಒಂದು ಇಟ್ಟಿಗೆ ಅಲುಗಿಲ್ಲ.”

ಯಜಮಾನಿ ಎಲ್ಲ ಗೋಡೆಗಳನ್ನೂ ಒಮ್ಮೆ ನೋಡಿದರು. ಬಲಗಡೆಯದನ್ನು ಎರಡು ಸಲ ನೋಡಿದರು. “ಹಾಗಾದ್ರೆ ಎಲ್ಲಾ ಯಾಕೆ ಕೆಡವೋದು? ಇದೊಂದೇ ಬೇರೆ ಥರ ಇರೋದು. ಇದನ್ನೇ ಕೆಡವಿ.”

ಇಷ್ಟು ಹೊತ್ತು ಶಿಳ್ಳೆ ಹೊಡೆದ ಬಾಯಿಗಳೆಲ್ಲ “ಅದೇ ಸರಿ, ಅದೇ ಸರಿ” ಎಂದವು.

ಪಟಾಕಿ ಕೆಳಗಿಳಿದ. ಮೇಸ್ತ್ರಿ ಕುಂಟುತ್ತಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ದನಿ ಮೊದಲ ಸಲ ಮೆತ್ತಗಿತ್ತು.

“ಒಪ್ಪಿದೆ ಕಣೋ. ನಿನ್ನ ಗೋಡೆ ನೆಟ್ಟಗಿದೆ. ಅದಕ್ಕೇ ನಿನಗೆ ಮಹಡಿ ಕೊಡೋಕಾಗಲ್ಲ. ನೀನು ಮೇಲೆ ನೆಟ್ಟಗೆ ಕಟ್ಟಿದ್ರೆ ಕೆಳಗಿನ ಗೋಡೆಗಳ ಮಾನ ಹೋಗುತ್ತೆ. ನೀನು ಕಲಸಿಗೇ ಸರಿ. ಆದ್ರೆ ಒಂದು ಉಪಕಾರ ಮಾಡು. ಈ ಗೋಡೆ ಕೆಡವಿದ ಮೇಲೆ ಉಳಿದವುಗಳ ಹಾಗೇ ವಾಲಿಸಿ ಕಟ್ಟಬೇಕಲ್ಲ, ಅದನ್ನ ನೀನೇ ಕಟ್ಟು.”

“ನಾನ್ಯಾಕೆ? ವಾಲಿಸೋದ್ರಲ್ಲಿ ನಿಮ್ಮನ್ನ ಮೀರಿಸೋರಿದ್ದಾರಾ?”

“ನನಗೆ ಬೇಕಂತ ವಾಲಿಸೋಕೆ ಬರಲ್ಲ ಕಣೋ,” ಎಂದ ಮೇಸ್ತ್ರಿ, ಪ್ರಾಮಾಣಿಕವಾಗಿ. “ನಾನು ಎಲ್ಲಾನೂ ನೆಟ್ಟಗಿರಲಿ ಅಂತಲೇ ಕಟ್ಟಿದ್ದು. ಅಳತೆ ಹಿಡಿದು ಅಷ್ಟಕ್ಕಷ್ಟೇ ವಾಲಿಸೋದು ನಿನ್ನಂಥ ಕೆಲಸಗಾರನಿಗೆ ಮಾತ್ರ ಸಾಧ್ಯ. ಏನಂತೀಯ?”

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಾ ನಿಂತರು. ಈಗ ಸಿಡಿಯುತ್ತಾನೆ ಎಂದು ಜಲ್ಲಿಯವರು ಕಿವಿ ಮುಚ್ಚಿಕೊಂಡರು.

ಪಟಾಕಿ ಅಂಗಿಯ ಸಿಮೆಂಟ್ ಧೂಳು ಕೊಡವಿದ, ಚಪ್ಪಲಿ ಮೆಟ್ಟಿದ, ಗೇಟು ದಾಟಿದ.

“ಏಯ್, ಎಲ್ಲಿಗೋ? ಎಷ್ಟು ವಾಲಿಸಬೇಕು ಅಂತ ಗುರುತು ಹಾಕಿಕೊಟ್ಟಾದ್ರೂ ಹೋಗೋ!” ಎಂದು ಮೇಸ್ತ್ರಿ ಕೂಗಿದ.

ಅವನು ತಿರುಗಿಯೂ ನೋಡದೆ ನಡೆದೇ ನಡೆದ.