ಬೆಂಚಿನ ಮೇಲಿನ ಕಲಾರಸಿಕ

ಈ ಬೇಸಿಗೆ ಮುಗಿಯುವುದರೊಳಗೆ ಸಮಕಾಲೀನ ಕಲೆಯನ್ನು ಅರೆದು ಕುಡಿದುಬಿಡುತ್ತೇನೆ ಎಂದು ದೂರಪ್ಪ ಘೋಷಿಸಿದಾಗ ಮನೆಯಲ್ಲಿ ಯಾರೂ ಊಟ ನಿಲ್ಲಿಸಲಿಲ್ಲ. ಹೆಂಡತಿ ಮಗನ ತಟ್ಟೆಗೆ ಬಡಿಸುತ್ತಿದ್ದಳು, ಮಗಳು ಮೇಜಿನಡಿಯಲ್ಲಿ ತಮ್ಮನ ಕಾಲು ತುಳಿಯುತ್ತಿದ್ದಳು, ಅಮ್ಮ ತನ್ನ ಹಲ್ಲುಸೆಟ್ಟಿನೊಂದಿಗೆ ವ್ಯಾಜ್ಯಕ್ಕೆ ನಿಂತಿದ್ದಳು. ಆದರೂ ದೂರಪ್ಪ ಎದೆಯುಬ್ಬಿಸಿ ಮುಂದುವರಿಸಿದ. ಮನುಷ್ಯ ಬರೀ ಉಂಡು ಮಲಗುವುದಕ್ಕೆ ಹುಟ್ಟಿಲ್ಲವಂತೆ! ಕಲೆ, ವಿನ್ಯಾಸ, ಸೌಂದರ್ಯ ಎಂಬ ಪದಾರ್ಥಗಳೂ ಲೋಕದಲ್ಲಿ ಇವೆಯಂತೆ! ಆದ್ದರಿಂದ ನಾಳೆಯಿಂದ ತಾನು ಆಫೀಸು ಮುಗಿಸಿಕೊಂಡು ನೇರವಾಗಿ ಕಲಾಭವನಕ್ಕೆ ಹೋಗಿ, ಅಧ್ಯಯನ ಮಾಡಿ, ತಡವಾಗಿ ಮನೆಗೆ ಬರುತ್ತೇನೆ ಎಂದ. ಈ ಭಾಷಣದಲ್ಲಿ ಮುಖ್ಯವಾದದ್ದು ಕೊನೆಯ ಮಾತೊಂದೇ.

ದೂರಪ್ಪ ವಿದ್ಯುತ್ ಇಲಾಖೆಯ ದೂರು ವಿಭಾಗದಲ್ಲಿ ಗುಮಾಸ್ತ. ಕರೆಂಟು ಹೋದವರೆಲ್ಲ ಫೋನು ಮಾಡಿ ಬೈಯುವುದು ಅವನನ್ನು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಬಟವಾಡೆ ಮಾಡುವವರಿಗೆ ಮಾತ್ರ ನೆನಪಿದೆ, ಉಳಿದವರಿಗೆಲ್ಲ ಅವನು ದೂರಪ್ಪ. ಬೇಸಿಗೆ ಬಂತೆಂದರೆ ಊರಿಗೆ ಊರೇ ಫ್ಯಾನು, ಕೂಲರು ಹಾಕಿಕೊಳ್ಳುತ್ತದೆ, ತಂತಿಗಳು ಸುಟ್ಟುಹೋಗುತ್ತವೆ, ಟ್ರಾನ್ಸ್‌ಫಾರ್ಮರುಗಳು ಢಮಾರ್ ಎನ್ನುತ್ತವೆ, ಅದೆಲ್ಲದರ ಶಾಪ ಇವನ ಬಲಗಿವಿಯೊಳಗೆ ಇಳಿಯುತ್ತದೆ. ಬಲಗಿವಿ ದಣಿದರೆ ಫೋನನ್ನು ಎಡಗಿವಿಗೆ ಬದಲಾಯಿಸಿಕೊಳ್ಳುತ್ತಾನೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಅವನಿಗೆ ಸಿಕ್ಕ ವಿರಾಮ ಅಷ್ಟೇ.

ಮನೆಗೆ ಬಂದರೆ ಅಲ್ಲೂ ಸುಖವಿಲ್ಲ. ಮನೆ ಇರುವುದು ಕಟ್ಟಡದ ಕೊನೆಯ ಮಹಡಿಯಲ್ಲಿ. ಹಗಲೆಲ್ಲ ಕಾದ ಚಾವಣಿ ಸಂಜೆ ಆ ಬಿಸಿಯನ್ನೆಲ್ಲ ಮನೆಯವರ ತಲೆಯ ಮೇಲೆ ಸುರಿಯುತ್ತದೆ. ಬೇಸಿಗೆಯಲ್ಲಿ ನೀರು ಅಷ್ಟು ಎತ್ತರಕ್ಕೆ ಹತ್ತುವುದಿಲ್ಲವಾದ್ದರಿಂದ ಕೆಳಗಿನ ನಲ್ಲಿಯಿಂದ ಬಕೆಟಿನಲ್ಲಿ ಹೊರಬೇಕು. ಆಮೇಲೆ ಅಮ್ಮನನ್ನು ಕೈಹಿಡಿದು ಕೆಳಗಿಳಿಸಿ, ಬೀದಿಯ ತುದಿಯವರೆಗೆ ನಡೆಸಿ, ಮತ್ತೆ ಮೇಲೆ ಹತ್ತಿಸಬೇಕು. ಅಮ್ಮ ಪ್ರತಿ ಮಹಡಿಯಲ್ಲೂ ನಿಂತು, ಆ ಮಹಡಿಯವರ ಯೋಗಕ್ಷೇಮ ವಿಚಾರಿಸಿಕೊಂಡೇ ಮುಂದಕ್ಕೆ ಹೆಜ್ಜೆ ಇಡುವವಳು. ಅಷ್ಟರಲ್ಲಿ ರಜೆಯಲ್ಲಿರುವ ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಳ್ಳದ ಹಾಗೆ ನೋಡಿಕೊಳ್ಳಬೇಕು. ನಿದ್ದೆ? ಅದನ್ನು ದೂರಪ್ಪ ಬಸ್ಸಿನ ಕಂಬಿ ಹಿಡಿದು ನಿಂತೇ ಮಾಡುತ್ತಿದ್ದ.

ಹೀಗಿರುವಾಗ ಒಂದು ದಿನ ಬಿಸಿಲಿಗೆ ತಲೆ ಸುತ್ತಿದಂತಾಗಿ, ಎರಡು ಸ್ಟಾಪು ಮೊದಲೇ ಬಸ್ಸಿಳಿದು, ನೆರಳು ಕಂಡಲ್ಲಿ ನುಗ್ಗಿದ. ಅದು ಕಲಾಭವನವಾಗಿತ್ತು. ಬಾಗಿಲು ತೆರೆಯುತ್ತಲೇ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಎಂಥ ಗಾಳಿ! ದೂರಪ್ಪನ ಕಣ್ಣಲ್ಲಿ ನೀರು ಬಂತು. ಒಳಗೆ ಒಂದು ನರಪಿಳ್ಳೆಯ ಸದ್ದಿಲ್ಲ, ಫೋನಿಲ್ಲ, ಬೈಗುಳವಿಲ್ಲ. ಗೋಡೆಯ ತುಂಬ ಬೂದುಬಣ್ಣ ಬಳಿದ ಭಾರಿ ಚಿತ್ರವೊಂದು, ಮೂಲೆಯಲ್ಲಿ ಎಲ್ಲೋ ಒಂದು ಕೆಂಪು ಚುಕ್ಕೆ. ಅದರ ಎದುರಿಗೆ ಯಾರೋ ವಿನ್ಯಾಸಕಾರ ಪುಣ್ಯಾತ್ಮ ಮಾಡಿಟ್ಟ, ಮರದ ಪಟ್ಟಿಗಳ ಬೆಂಚು. ಬೆನ್ನು ಎಲ್ಲಿ ಬಾಗುತ್ತದೋ ಅಲ್ಲಿ ತಾನೂ ಬಾಗಿ, ಕುತ್ತಿಗೆ ಎಲ್ಲಿ ಸೋಲುತ್ತದೋ ಅಲ್ಲಿ ಆಸರೆ ಕೊಡುವ ಬೆಂಚು. ದೂರಪ್ಪ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಅದರ ಮೇಲೆ ಕುಳಿತ. ಮತ್ತೆ ಕಣ್ಣು ಬಿಟ್ಟಾಗ ಬಾಗಿಲು ಹಾಕುವ ಹೊತ್ತಾಗಿತ್ತು.

ಎದುರಿಗೆ ಕಾವಲುಗಾರ ನಿಂತಿದ್ದ. ಬೈಗುಳ ಬಂತೆಂದು ದೂರಪ್ಪ ಅಭ್ಯಾಸಬಲದಿಂದ ಬಲಗಿವಿ ಮುಂದೆ ಮಾಡಿದ. ಆದರೆ ಆತ ಕೈಕಟ್ಟಿಕೊಂಡು, ಇಷ್ಟು ಹೊತ್ತು ಒಂದೇ ಚಿತ್ರದ ಮುಂದೆ ಕೂತವರನ್ನು ತಾನು ನೋಡಿಯೇ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದ. ದೂರಪ್ಪ ಆ ಮಾತನ್ನು ತಿದ್ದಲು ಹೋಗಲಿಲ್ಲ. ಅಂದಿನ ರಾತ್ರಿಯ ಊಟದಲ್ಲೇ ಘೋಷಣೆಯಾದದ್ದು.

ಅಲ್ಲಿಂದ ಅವನ ಅಧ್ಯಯನ ಒಂದು ದಿನವೂ ತಪ್ಪಲಿಲ್ಲ. ಚಿತ್ರದ ಮುಂದೆ ಕಣ್ಣು ಮುಚ್ಚಿ ಕೂತವನನ್ನು ಜನ ರಸಿಕನೆಂದು ತಿಳಿದು ತುದಿಗಾಲಿನಲ್ಲಿ ದಾಟಿಹೋಗುತ್ತಾರೆ ಎಂಬ ಮಹಾಸತ್ಯ ಅವನಿಗೆ ಹೊಳೆದಿತ್ತು. ತೋಳಿಗೆಲ್ಲ ಬಣ್ಣ ಮೆತ್ತಿಕೊಂಡ ಒಬ್ಬ ಹುಡುಗಿ ಮೂಲೆಯಲ್ಲಿ ಕೂತು ಏನೋ ಗೀಚುತ್ತಿರುತ್ತಿದ್ದಳು, ಅವಳೂ ಇವನ ತಂಟೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ನೀರನ್ನು ಈಗ ಯಾರು ಹೊರುತ್ತಿದ್ದಾರೆ ಎಂದು ದೂರಪ್ಪ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುವ ಅಪಾಯವಿತ್ತು.

ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಬೇಸಿಗೆ ರಜೆ ಅವಳಿಗೂ ಇತ್ತು, ಅಂದರೆ ಶಾಲೆಗೆ ಮಾತ್ರ ರಜೆ ಇತ್ತು. ಮೊದಮೊದಲು ಅವಳು ಗಂಡನನ್ನು ಅನುಮಾನದಿಂದಲೇ ನೋಡಿದಳು. ಏನು ನೋಡಿದಿರಿ ಎಂದು ಕೇಳಿದರೆ ಅವನು ಬಾಗಿಲಲ್ಲಿ ಹಂಚುವ ಕರಪತ್ರದಿಂದ ಒಂದೊಂದು ವಾಕ್ಯ ತೆಗೆದು ಎಸೆಯುತ್ತಿದ್ದ. ಶೂನ್ಯವೂ ಒಂದು ಬಣ್ಣವೇ ಎಂದ ಒಂದು ದಿನ. ಇನ್ನೊಂದು ದಿನ, ಬೆಂಚು ಬರೀ ಬೆಂಚಲ್ಲ, ದೇಹದ ಜೊತೆ ನಡೆಸುವ ಸಂವಾದ ಎಂದ. ಇದನ್ನು ಮಾತ್ರ ಅವನು ಮನಸಾರೆ ಹೇಳಿದ್ದು. ಅಮ್ಮ, ಇವನಿಗೆ ಬಿಸಿಲು ತಾಗಿದೆ ಎಂದು ತೀರ್ಮಾನಿಸಿದಳು. ಆದರೆ ಹೆಂಡತಿ ನಿಧಾನವಾಗಿ ನಂಬಿದಳು. ಗಂಡನ ಮುಖದಲ್ಲಿ ಕಳೆ ಬಂದಿತ್ತು, ಕಣ್ಣಿನ ಕೆಳಗಿನ ಕಪ್ಪು ಮಾಸಿತ್ತು, ಮಕ್ಕಳ ಮೇಲೆ ರೇಗುವುದು ನಿಂತಿತ್ತು. ಕಲೆ ಮನುಷ್ಯನನ್ನು ಇಷ್ಟು ಬದಲಾಯಿಸುತ್ತದೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು, ಹೆಮ್ಮೆಯೂ ಆಯಿತು. ಆ ಹೆಮ್ಮೆಯಲ್ಲಿ ಅವಳು ಹೆಡ್‌ಮಿಸ್ಸಿಗೆ ಫೋನು ಮಾಡಿ ಹೇಳಿಬಿಟ್ಟಳು.

ಹೆಡ್‌ಮಿಸ್ಸು ಸುಮ್ಮನೆ ಕೇಳಿಸಿಕೊಂಡು ಬಿಡುವ ಪೈಕಿ ಅಲ್ಲ. ಬರುವ ಭಾನುವಾರ ಟೀಚರುಗಳನ್ನೆಲ್ಲ ಕಲಾಭವನಕ್ಕೆ ಕರೆದುಕೊಂಡು ಹೋಗುವುದೆಂದೂ, ಎಲ್ಲವನ್ನೂ ದೂರಪ್ಪನವರೇ ವಿವರಿಸಬೇಕೆಂದೂ ಅಲ್ಲೇ ಗೊತ್ತುಮಾಡಿದಳು. ಸುದ್ದಿ ಕೇಳಿ ದೂರಪ್ಪ ನೆಪ ಹುಡುಕತೊಡಗಿದ. ಗಂಟಲು ನೋವು ಎಂದ. ಭಾನುವಾರ ಡ್ಯೂಟಿ ಬೀಳಬಹುದು ಎಂದ. ಕಲೆಯನ್ನು ವಿವರಿಸಿದರೆ ಅದು ಸತ್ತುಹೋಗುತ್ತದೆ ಎಂದೂ ಹೇಳಿ ನೋಡಿದ.

ಹೆಂಡತಿ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು. "ರೀ, ಅವರೆಲ್ಲ ಅವರವರ ಗಂಡಂದಿರ ಬಗ್ಗೆ ಏನೇನೋ ಹೇಳ್ಕೋತಾರೆ. ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೇಳಿದೀನಿ. ಹೇಳ್ಕೊಳ್ಳೋಕೆ ನನಗೂ ಒಂದು ಸಿಕ್ಕಿದೆ ಈಗ. ಅದನ್ನ ಕಿತ್ಕೋಬೇಡಿ."

ದೂರಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ನಿಜ ಹೇಳಿದರೆ ಬೆಂಚು ಹೋಗುತ್ತದೆ, ಹೇಳದಿದ್ದರೆ ಹೆಂಡತಿಯ ಮಾನ ಭಾನುವಾರದವರೆಗೆ ಮಾತ್ರ. ಯೋಚಿಸಿ ಯೋಚಿಸಿ ತಲೆ ಚಿಟ್ಟುಹಿಡಿದು, ಮಾರನೆಯ ದಿನ ಚಿತ್ರಗಳನ್ನು ಕಣ್ಣು ಬಿಟ್ಟು ನೋಡಿಯೇ ತೀರುವುದೆಂದು ಶಪಥ ಮಾಡಿ ಹೋದ. ಗಾಳಿ ತಣ್ಣಗಿತ್ತು. ಶಪಥ ಬೆಂಚಿನವರೆಗೆ ಗಟ್ಟಿಯಾಗಿತ್ತು.

ಭಾನುವಾರ ಬಂದೇ ಬಂತು. ಟೀಚರುಗಳು ಒಳ್ಳೊಳ್ಳೆಯ ಸೀರೆ ಉಟ್ಟು, ಬಿಸಿಲಿಗೆ ಕೊಡೆ ಹಿಡಿದು, ಸಾಲಾಗಿ ಬಂದರು. ಕಾವಲುಗಾರ ದೂರಪ್ಪನಿಗೆ ಬಗ್ಗಿ ನಮಸ್ಕಾರ ಮಾಡಿದ್ದನ್ನು ನೋಡಿ ಹೆಂಡತಿಯ ಮುಖ ಅರಳಿತು. ಬೂದು ಚಿತ್ರದ ಮುಂದೆ ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಂತರು. ದೂರಪ್ಪ ಆ ಚಿತ್ರವನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದ. ಕೆಂಪು ಚುಕ್ಕೆ ಒಂದಲ್ಲ, ಬಹಳ ಇದ್ದವು.

"ಇದು ನಮಗೆ ಏನೂ ಅರ್ಥ ಆಗ್ತಿಲ್ಲವಲ್ಲ ಸಾರ್" ಎಂದಳು ಹೆಡ್‌ಮಿಸ್ಸು.

ದೂರು! ಕಿವಿಗೆ ದೂರು ಬಿದ್ದದ್ದೇ ತಡ, ದೂರಪ್ಪನ ಬಾಯಿ ಅವನಪ್ಪಣೆಗೆ ಕಾಯದೆ ತಾನಾಗಿಯೇ ತೆರೆದುಕೊಂಡಿತು. ವರ್ಷಗಟ್ಟಲೆ ಫೋನಿನಲ್ಲಿ ಹೇಳಿಕೊಂಡು ಬಂದ ಮಾತು ಸರಾಗವಾಗಿ ಹೊರಬಂತು.

"ಮೊದಲು ಒಂದು ವಿಷಯ ನೋಡ್ಕೊಳ್ಳಿ ಮೇಡಂ. ಕತ್ತಲೆ ಇರೋದು ಇಡೀ ಬೀದಿಗೋ, ನಿಮ್ಮ ಮನೆಗೆ ಮಾತ್ರವೋ?"

ಟೀಚರುಗಳು ಬೆರಗಾದರು. ಒಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಹೆಡ್‌ಮಿಸ್ಸು ಆ ಮಾತನ್ನು ತನ್ನೊಳಗೆ ಎರಡು ಸಲ ಹೇಳಿಕೊಂಡು, ಎಂಥ ಪ್ರಶ್ನೆ ಎಂದು ನಿಟ್ಟುಸಿರುಬಿಟ್ಟಳು. ದೂರಪ್ಪನಿಗೆ ಧೈರ್ಯ ಬಂತು. ದೋಷ ಒಳಗಿನದಾದರೆ ಹೊರಗಿನವರು ಏನೂ ಮಾಡಲಾಗದು ಎಂದ. ಹಳೆಯ ಸಂಪರ್ಕಗಳು ಇಷ್ಟೊಂದು ಹೊರೆ ತಾಳಲಾರವು ಎಂದ. ಇನ್ನೊಂದು ಕೋಣೆಯಲ್ಲಿ ಚಾವಣಿಯಿಂದ ತಂತಿಗಳ ದೊಡ್ಡ ಗೋಜಲು ನೇತುಹಾಕಿದ್ದರು. ಅದನ್ನು ಕಂಡು ಅವನಿಗೆ ನಿಜವಾಗಿಯೇ ಸಿಟ್ಟು ಬಂತು. ಯಾರಪ್ಪಣೆ ತೆಗೆದುಕೊಂಡು ಇವನ್ನು ಹೀಗೆ ಎಳೆದಿದ್ದಾರೆ, ಒಬ್ಬರ ಪಾಲಿನದನ್ನು ಇನ್ನೊಬ್ಬರು ಎಳೆದುಕೊಂಡರೆ ಉಳಿದವರು ಕತ್ತಲೆಯಲ್ಲಿ ಕೂರಬೇಕೇ ಎಂದು ಗುಡುಗಿದ. ಅಕ್ರಮ ಸಂಪರ್ಕದ ಬಗ್ಗೆ ಅವನು ಇಷ್ಟು ಕಾಳಜಿಯಿಂದ ಆಡಿದ ಮಾತಿಗೆ ಕೆಲವರ ಕಣ್ಣು ಒದ್ದೆಯಾಯಿತು. ಹೆಂಡತಿ ಅವನನ್ನು ಮದುವೆಯ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು.

ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಹೊರಗೆ ಸಾಗಹಾಕಿದ್ದರೆ ಅವನಷ್ಟು ಜಾಣ ಇನ್ನೊಬ್ಬನಿರುತ್ತಿರಲಿಲ್ಲ. ಹೊಗಳಿಕೆ ತಲೆಗೇರಿತ್ತು. ಬನ್ನಿ, ಒಳಗಿನ ಹಜಾರದಲ್ಲಿ ಇನ್ನೂ ಗಹನವಾದದ್ದಿದೆ ಎಂದು ತಾನೆಂದೂ ಕಾಲಿಟ್ಟಿರದ ಹಜಾರಕ್ಕೆ ನುಗ್ಗಿದ. ನಾಲ್ಕೂ ಗೋಡೆಗೆ ಚಿತ್ರಗಳು. ಎಲ್ಲದರಲ್ಲೂ ಒಬ್ಬನೇ ಮನುಷ್ಯ. ಒಂದರಲ್ಲಿ ಅವನ ತಲೆ ಎಡಕ್ಕೆ ವಾಲಿತ್ತು, ಇನ್ನೊಂದರಲ್ಲಿ ಬಲಕ್ಕೆ. ನಡುಗೋಡೆಯದು ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ತಲೆ ಹಿಂದಕ್ಕೆ ಬಿದ್ದು ಬಾಯಿ ಸಂಪೂರ್ಣವಾಗಿ ತೆರೆದುಕೊಂಡಿತ್ತು. ಒಂದು ಚಪ್ಪಲಿ ಕಾಲಿನಿಂದ ಕಳಚಿ ಬಿದ್ದಿತ್ತು. ಮಡಿಲಲ್ಲಿ ಟಿಫಿನ್ ಡಬ್ಬಿಯ ಚೀಲ, ಚೀಲದ ಮೇಲೆ ಹೆಂಡತಿ ಹಾಕಿದ ತೇಪೆ ಕೂಡ ನೂಲು ನೂಲಾಗಿ ಕಾಣುತ್ತಿತ್ತು.

ಹಜಾರ ತಣ್ಣಗಿತ್ತು, ದೂರಪ್ಪ ಮಾತ್ರ ಬೆವರಿದ.

ಮೂಲೆಯಿಂದ ಆ ಹುಡುಗಿ ಓಡಿಬಂದಳು, ಬಣ್ಣದ ತೋಳಿನ ಹುಡುಗಿ. ನಾಳೆ ಪ್ರದರ್ಶನ ಶುರು, ಇವತ್ತು ನಿಮ್ಮನ್ನು ಹೇಗಾದರೂ ಹಿಡಿದು ಒಪ್ಪಿಗೆ ಕೇಳಬೇಕೆಂದು ಬೆಳಗಿನಿಂದ ಕಾಯುತ್ತಿದ್ದೇನೆ ಎಂದಳು. "ದಿನಾ ಎಬ್ಬಿಸೋಣ ಅಂತ ಬರ್ತಿದ್ದೆ ಸಾರ್. ಅಷ್ಟು ಚೆನ್ನಾಗಿ ಮಲಗಿರ್ತಿದ್ರಿ, ಮನಸ್ಸೇ ಬರ್ತಿರಲಿಲ್ಲ."

ಹೆಡ್‌ಮಿಸ್ಸು ಕೆಮ್ಮಿದಳು. ಹಿಂದಿನ ಸಾಲಿನಲ್ಲಿ ಯಾರೋ ಸೆರಗಿನೊಳಗೆ ಮುಖ ಹುದುಗಿಸಿಕೊಂಡು ಕುಲುಕುತ್ತಿದ್ದರು. ದೂರಪ್ಪ ಹೆಂಡತಿಯ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಅವಳು ಮಾತ್ರ ದೊಡ್ಡ ಚಿತ್ರದ ಹತ್ತಿರ ಹೋಗಿ, ಆ ತೆರೆದ ಬಾಯಿಯನ್ನು, ಕಳಚಿದ ಚಪ್ಪಲಿಯನ್ನು, ತಾನೇ ಹಾಕಿದ ತೇಪೆಯನ್ನು ಒಂದೊಂದಾಗಿ ನೋಡಿದಳು. ಅಷ್ಟು ಗಮನವಿಟ್ಟು ಆ ಕಟ್ಟಡದಲ್ಲಿ ಯಾರೂ ಯಾವ ಚಿತ್ರವನ್ನೂ ನೋಡಿರಲಿಕ್ಕಿಲ್ಲ. ಆಮೇಲೆ ಹುಡುಗಿಗೆ, ಇವರ ಪರವಾಗಿ ನಾನು ಒಪ್ಪಿದ್ದೇನೆ, ಹಾಕಮ್ಮ ಎಂದಳು.

ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಬೈದಿದ್ದರೆ ದೂರಪ್ಪ ನಿಭಾಯಿಸುತ್ತಿದ್ದ, ಬೈಗುಳ ಕೇಳುವುದರಲ್ಲಿ ಅವನಿಗೆ ತರಬೇತಿಯಿತ್ತು. ಈ ಮೌನಕ್ಕೆ ಯಾವ ಕಿವಿ ಕೊಡಬೇಕೆಂದು ತಿಳಿಯಲಿಲ್ಲ. ಮನೆಗೆ ಬಂದವಳೇ ಅವಳು ಸೀರೆ ಬದಲಿಸಿ, ನೀರು ಹೊತ್ತು, ಅಮ್ಮನನ್ನು ಕೆಳಗಿಳಿಸಿ ಮೇಲೆ ಹತ್ತಿಸಿ, ಮಕ್ಕಳ ಜಗಳ ಬಿಡಿಸಿ, ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆಗೊರಗಿ ಕುಳಿತಳು. ಅವಳ ಅಂಗೈ ಬಕೆಟಿನ ಹಿಡಿಗೆ ಕೆಂಪಾಗಿ ಬೊಬ್ಬೆ ಎದ್ದಿದ್ದನ್ನು ದೂರಪ್ಪ ಆಗ ನೋಡಿದ. ನಾಚಿಕೆಯಿಂದ ಅವಳ ಪಕ್ಕ ಕೂತು, ತಪ್ಪಾಯ್ತು ಕಣೇ, ಬಹಳ ಸುಸ್ತಾಗಿತ್ತು ಎಂದ.

"ಗೊತ್ತಾಯ್ತು. ಮನೇಲಿ ನೀವು ಹೀಗೆ ಮಲಗಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ. ಮುಖ ಎಷ್ಟು ಹಗುರವಾಗಿತ್ತು" ಎಂದಳು ಅವಳು. ದೂರಪ್ಪನ ಮನಸ್ಸು ಕರಗಿ ನೀರಾಯಿತು. ಕ್ಷಮೆ ಸಿಕ್ಕಿತೆಂದುಕೊಂಡ. ಬೆಂಚೂ ಉಳಿಯಿತೇನೋ ಎಂಬ ಸಣ್ಣ ಆಸೆಯೂ ಹುಟ್ಟಿತು.

ಅವಳು ಮುಂದುವರಿಸಿದಳು. "ಅದಕ್ಕೇ ನಾಳೆಯಿಂದ ನಾನು ಹೋಗ್ತೀನಿ. ನೀವು ಆಫೀಸಿಂದ ಸೀದಾ ಮನೆಗೆ ಬನ್ನಿ."

ಮಾರನೆಯ ಸಂಜೆ ದೂರಪ್ಪ ನೀರು ಹೊತ್ತ. ಅಮ್ಮ ಪ್ರತಿ ಮಹಡಿಯಲ್ಲೂ ನಿಂತು, ನನ್ನ ಮಗನ ಚಿತ್ರ ಹಾಕಿದ್ದಾರಂತೆ ಎಂದು ಸಾರುತ್ತ ಹತ್ತಿದಳು. ಮಗನೂ ಮಗಳೂ ದಿಂಬು ಹರಿದು ಹತ್ತಿಯಲ್ಲಿ ಹೊರಳಾಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಮೆಟ್ಟಿಲ ತುಂಬ ಜನ ನಿಂತು, ಯಾವಾಗ ಬರುತ್ತೆ ಸಾರ್ ಎಂದು ಕೇಳತೊಡಗಿದರು. ಆ ಕತ್ತಲಲ್ಲಿ, ಬೆವರಿನಲ್ಲಿ, ಹತ್ತಿಯ ನಡುವೆ ಅವನು ಹೆಂಡತಿಯ ದಾರಿ ಕಾದ.

ಅವಳು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು. ಅವನು ಹಿಡಿದ ಮೊಂಬತ್ತಿಯ ಬೆಳಕಿನಲ್ಲಿ ಅವಳ ಕೆನ್ನೆಯ ಮೇಲೆ ಮರದ ಪಟ್ಟಿಗಳ ಗೆರೆ ಸ್ಪಷ್ಟವಾಗಿ ಮೂಡಿತ್ತು. ಕಣ್ಣು ತಿಳಿಯಾಗಿತ್ತು. ಬೇಸಿಗೆ ಶುರುವಾದ ಮೇಲೆ ಅವಳು ಇಷ್ಟು ಚೆಂದ ಕಂಡಿರಲಿಲ್ಲ.

ನಾಳೆಯಾದರೂ ತನ್ನ ಸರದಿ ಬರಬಹುದೇ ಎಂದು ದೂರಪ್ಪ ಮೆಲ್ಲಗೆ ಕೇಳಿದ.

"ಕಷ್ಟ ರೀ" ಎಂದಳು ಅವಳು, ಬಾಯಿ ತುಂಬ ಆಕಳಿಸಿ. "ಆ ಹುಡುಗಿ ನನ್ನ ಚಿತ್ರ ಶುರು ಮಾಡಿದಾಳೆ. ನಿಮ್ಮ ನಿದ್ದೆಗಿಂತ ನನ್ನ ನಿದ್ದೆ ಬಹಳ ಆಳವಾಗಿದೆಯಂತೆ. ಮುಗಿಸೋಕೆ ಇಡೀ ಬೇಸಿಗೆ ಬೇಕಂತೆ."