ಭರಣಿಯೊಳಗಿನ ಸಮುದ್ರ

ಸಮುದ್ರದ ಜತೆ ಜಗಳಕ್ಕೆ ನಿಂತವರನ್ನು ಬಳ್ಳಾರಿಯಲ್ಲಿ ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಪಾರ್ವತಿನಗರದ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ! ಆಕೆ ಸಮುದ್ರವನ್ನು ಸರಿಯಾಗಿ ನೋಡೇ ಇಲ್ಲ ಅನ್ನೋದು ಬೇರೆ ಮಾತು. ಮಗಳು ಹೊನ್ನಾವರದ ಕಡೆಯ ಮೀನುದೋಣಿಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಚಿಗವ್ವ ಅಲ್ಲಿಗೆ ಒಮ್ಮೆ ಹೋಗಿ, ಒಂದು ವಾರ ಸಮುದ್ರಕ್ಕೆ ಬೆನ್ನು ಹಾಕಿ ಕೂತು ವಾಪಸ್ ಬಂದಳು. ಯಾಕೆ ಅಂತ ಕೇಳಿದರೆ, "ಅದರ ಮಾರಿ ನನಗ ಸೇರಂಗಿಲ್ಲ" ಅಂದಳು.

ಹೋದ ಸೀಸನ್ನಿನ ಕೊನೆಗೆ ಅಳಿಯನ ದೋಣಿಯ ರೇಡಿಯೊ ಕೈಕೊಟ್ಟಿತು. ದಡದಿಂದ ದೂರ ಹೋದರೆ ಮೊಬೈಲ್ ನಡೆಯೋದಿಲ್ಲ, ಇದ್ದೇವೋ ಇಲ್ಲವೋ ಅಂತ ಹೇಳೋದಕ್ಕೆ ಆ ರೇಡಿಯೊ ಒಂದೇ ಗತಿ. ಗಾಳಿ ಎದ್ದು ಉಳಿದ ದೋಣಿಗಳೆಲ್ಲ ಬಂದವು. ಇವನದು ಬರಲಿಲ್ಲ, ದನಿಯೂ ಬರಲಿಲ್ಲ. ಮಗಳು ಎರಡು ದಿನ ಫೋನಿನಲ್ಲಿ ಅತ್ತಿದ್ದೇ ಅತ್ತಿದ್ದು. ಆಮೇಲೆ ಅಳಿಯರಾಯ ಹಲ್ಲು ಕಿರಿಯುತ್ತಾ ಬಂದಿಳಿದ! ಆಂಟೆನಾ ಕೇಬಲ್ಲಿನ ತುದಿಯ ಕನೆಕ್ಟರ್ ಕಳಚಿತ್ತಂತೆ.

"ವೈರ್ ತಿರುಚಿ ಟೇಪ್ ಸುತ್ತಿದ್ದೇನೆ ಅತ್ತೆ, ಇನ್ನೇನೂ ಆಗೂದಿಲ್ಲ" ಅಂತ ವಿಡಿಯೊ ಕಾಲಿನಲ್ಲಿ ತೋರಿಸಿದ.

ತೋರಿಸಬಾರದಿತ್ತು!

"ಟೇಪು? ಪ್ಯಾಂಟ್ ಹರಿದ್ರೂ ಟೇಪ್ ಸುತ್ತಿಕೊಂತೀರೇನ್ರಿ ಅಳಿಯಂದ್ರ? ಬಿಚ್ಚಿ ನನ್ನ ಕಡೆ ಬಸ್ಸಿಗೆ ಹಾಕ್ರಿ ಅದನ್ನ!"

ಚಿಗವ್ವನಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತೀರಾ? ಸಿರುಗುಪ್ಪದಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ ಇತ್ತು. ಚಿಗಪ್ಪ ಅಂಗಡಿ ಮುಂದೆ ಕೂತು ದೇಶ ರಿಪೇರಿ ಮಾಡುತ್ತಿದ್ದ, ಒಳಗೆ ಇವಳು ರೇಡಿಯೊ ರಿಪೇರಿ ಮಾಡುತ್ತಿದ್ದಳು. ಚಿಗಪ್ಪ ಹೋದ, ಅಂಗಡಿಯೂ ಹೋಯಿತು. ಕೈಯೊಳಗಿನ ಚಟ ಹೋಗಬೇಕಲ್ಲ? ಪಾರ್ಸೆಲ್ ಬರುವ ಮೊದಲು ಕುರುಗೋಡಿನ ನೆಂಟರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಕ್ರಿಕೆಟ್ ಕೊನೆಯ ಓವರ್, ಮನೆ ತುಂಬ ಗಂಡಸರು, ಟಿವಿ ಫಕ್ಕನೆ ಕಪ್ಪಾಯಿತು. ಮಾಳಿಗೆ ಮೇಲೆ ನೋಡಿದರೆ ರೇಷ್ಮೆ ಸೀರೆ ಎತ್ತಿ ಕಟ್ಟಿದ ಚಿಗವ್ವ, ಒಂದು ಕೈಯಲ್ಲಿ ಟಿವಿಯ ಡಿಶ್ ಕೇಬಲ್ಲು, ಇನ್ನೊಂದರಲ್ಲಿ ಬ್ಲೇಡು!

"ಇದನ್ನ ಜಾಯಿಂಟ್ ಅಂತೀರೇನ್ರೋ? ಗಾಯ ಐತಿ ಇದು, ಗಾಯ!"

ಈಗ ಆಕೆ ಬರುತ್ತಾಳೆ ಅಂದರೆ ಅವರು ಮೊದಲು ಏಣಿ ಬಚ್ಚಿಡುತ್ತಾರೆ.

ಕೇಬಲ್ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವುದರೊಳಗೆ ವಾಪಸ್ ಹೋಗಬೇಕು. ಕೆಲಸವೋ, ಬಲು ನಾಜೂಕು. ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಗುಲಿದರೂ ಎಲ್ಲ ಹಾಳು. ಚಿಗವ್ವ ಉಸಿರು ಬಿಗಿಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾದ ಬೆಸುಗೆ ಕಡ್ಡಿ ಮುಟ್ಟಿಸಿ ಬೆಸೆದಳು.

"ನೋಡಲೇ, ಮುತ್ತು ಕುಂದ್ರಿಸಿದಂಗ ಐತಿ!"

"ಚೊಲೊ ಐತಿ ಚಿಗವ್ವಾ. ಮತ್ತ ಈ ಉಂಗುರ ಯಾರದು?"

ಕನೆಕ್ಟರಿನ ಹೊರಗಿನ ಉಂಗುರ ಚಹಾ ಬಸಿಯ ಪಕ್ಕ ಆರಾಮಾಗಿ ಕೂತಿತ್ತು. ಅದನ್ನು ಬೆಸೆಯುವ ಮೊದಲೇ ಕೇಬಲ್ಲಿಗೆ ತೊಡಿಸಿರಬೇಕು. ಆಮೇಲೆ ತಲೆಕೆಳಗಾಗಿ ನಿಂತರೂ ಹೋಗೋದಿಲ್ಲ.

"ಎಲ್ಲಾ ನಿನ್ನ ಮಾತಿನಿಂದ! ಬಾಯಿ ಮುಚ್ಚಿಕೊಂಡು ಕುಂದ್ರಾಕ ಆಗಂಗಿಲ್ಲೇನಲೇ?"

ಬೆಸೆದು ಮುಗಿಸುವವರೆಗೆ ನಾನು ಬಾಯೇ ಬಿಟ್ಟಿರಲಿಲ್ಲ!

ಬಿಚ್ಚಿ ಮತ್ತೆ ಬೆಸೆದು, ಉಪ್ಪುನೀರು ನುಗ್ಗದಂತೆ ಮೇಲೆ ರಬ್ಬರ್ ಹೊದಿಕೆ ಹಾಕಿದಳು. ನುಗ್ಗೋದಿಲ್ಲ ಅಂತ ಏನು ಗ್ಯಾರಂಟಿ? ಪರೀಕ್ಷೆ ಆಗಬೇಕು. ನಲ್ಲಿ ನೀರಿಗೇ ವಾರಗಟ್ಟಲೆ ಕಾಯುವ ಊರಿಗೆ ಸಮುದ್ರ ಎಲ್ಲಿಂದ ತರೋದು? ಅಳಿಯನಿಗೇ ಫೋನ್ ಹಚ್ಚಿದಳು.

"ನಿಮ್ಮ ಸಮುದ್ರ ಎಷ್ಟು ಉಪ್ಪ ಐತ್ರಿ? ಸಾರಿನಷ್ಟೋ, ಉಪ್ಪಿನಕಾಯಿಯಷ್ಟೋ?"

"ಸಾರಿಗೆ ಮರೆತು ಎರಡೆರಡು ಸಲ ಉಪ್ಪು ಹಾಕಿದ್ರೆ ಹೇಗಿರ್ತದೆ, ಹಾಗೆ ಅತ್ತೆ."

ಉಪ್ಪಿನಕಾಯಿ ಭರಣಿ ಖಾಲಿಯಾಯಿತು, ಉಪ್ಪುನೀರು ತುಂಬಿತು, ಕೇಬಲ್ಲಿನ ತುದಿ ಮುಳುಗಿತು. ದಿನಾ ಎದ್ದು ಮೀಟರ್ ಹಿಡಿದು ನೋಡೋಳು. ಪಕ್ಕದ ಮನೆಯಾಕೆ ಬಂದು, "ಹೊಸ ಉಪ್ಪಿನಕಾಯಿ ಏನ್ರೀ ಅಕ್ಕಾರ?" ಅಂದಳು.

"ಹೂಂ. ಅಳಿಯಂದ್ರಿಗೆ."

"ಅಲ್ಲ ಚಿಗವ್ವಾ, ಅಂಗಡ್ಯಾಗ ರೆಡಿಮೇಡ್ ಕೇಬಲ್ ಸಿಗಂಗಿಲ್ಲೇನು?" ಅಂದೆ.

"ಸಿಗತೈತಿ. ಅದನ್ನ ಮಾಡಿದವರಿಗೆ ಇವರು ಅಳಿಯ ಆಗಬೇಕೇನು?"



ಕೇಬಲ್ ಹೋಯಿತು, ಸೀಸನ್ ಶುರುವಾಯಿತು, ದೋಣಿ ನೀರಿಗಿಳಿಯಿತು. ಒಂದು ದಿನ ಕರಾವಳಿಯಲ್ಲಿ ಮತ್ತೆ ಗಾಳಿ ಎದ್ದ ಸುದ್ದಿ ಬಂತು. ಬೆಳಗಿನಿಂದ ಮಗಳ ಫೋನಿಲ್ಲ. ಚಿಗವ್ವ ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತ ಕೂತಳು. ಮಧ್ಯಾಹ್ನ ಅವಳ ಮೊಬೈಲ್ ಟಿಂಗ್ ಅಂತು. ಮಗಳು ಬಂದರಿಗೆ ಹೋಗಿ, ದಡದಲ್ಲಿದ್ದ ಬೇರೆ ದೋಣಿಯ ರೇಡಿಯೊ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ ಕಳಿಸಿದ್ದಳು. ಮೊದಲು ಬರೀ ಗರಗರ. ಆಮೇಲೆ ಅಳಿಯನ ದನಿ:

"ಬಳ್ಳಾರಿ ಅತ್ತೆ, ಕೇಳ್ತದಾ? ಎಲ್ಲರೂ ಚೆನ್ನಾಗಿದ್ದೇವೆ. ಕೇಳ್ತದಾ ಅತ್ತೆ?"

ಅದು ಬರೀ ರೆಕಾರ್ಡಿಂಗ್, ಇಲ್ಲಿಂದ ಮಾತಾಡಿದರೆ ಆ ಕಡೆ ಒಂದಕ್ಷರವೂ ಹೋಗೋದಿಲ್ಲ. ರೇಡಿಯೊಗಳ ನಡುವೆಯೇ ಮುದುಕಿಯಾದ ಚಿಗವ್ವನಿಗೆ ಅದು ಗೊತ್ತಿರಲಿಲ್ಲವೇ? ಆದರೂ ಮೊಬೈಲನ್ನು ಎರಡೂ ಕೈಯಿಂದ ಬಾಯಿಯ ಹತ್ತಿರ ಹಿಡಿದು ಕೂಗಿದಳು:

"ಕೇಳಸ್ತೈತಪ್ಪಾ! ಚೊಲೊ ಕೇಳಸ್ತೈತಿ... ಲಗೂನ ಮನಿಗೆ ಬಾ."